ಜೈಗಢದ ನೀರಿನ ದಾರಿ

ಜೈಪುರ ಅಂದ ಕೂಡಲೇ ನೆನಪಾಗುವುದು ಹವಾ ಮಹಲ್. ನಾವೂ ಅಲ್ಲಿಂದಲೇ ಶುರು ಮಾಡಿದೆವು. ಸವಾಯಿ ಪ್ರತಾಪ್ ಸಿಂಗ್ 1799ರಲ್ಲಿ ಕಟ್ಟಿಸಿದ್ದು, 953 ಕಿಟಕಿಗಳು. ಬೀದಿಯಿಂದ ನೋಡಲು ಬಲು ಚೆಂದ. ಆದರೆ ನನ್ನ ಮನಸ್ಸು ಹಿಡಿದಿದ್ದು ಊರಾಚೆಯ ಆಮೇರ್ ಕೋಟೆ, ಅದರ ನೆತ್ತಿಯ ಮೇಲಿರುವ ಜೈಗಢ. 1727ರಲ್ಲಿ ಸವಾಯಿ ಜೈಸಿಂಗ್ ಜೈಪುರ ಕಟ್ಟುವ ತನಕ ಈ ಅರಸರ ರಾಜಧಾನಿ ಇದ್ದದ್ದು ಆಮೇರ್‌ನಲ್ಲೇ.

ಜೊತೆಗೆ ಅಪ್ಪ ಇದ್ದರು. ಚಳ್ಳಕೆರೆ ಕಡೆಯ ರೈತರು, ಮಳೆಗಾಗಿ ಮುಗಿಲು ನೋಡಿಯೇ ಬದುಕಿದವರು. ಆಮೇರ್ ಹತ್ತುವಾಗಲೇ ಕೇಳಿದರು: "ಇಷ್ಟು ಎತ್ತರದಾಗೆ ಅಷ್ಟೊಂದು ಜನ ಇದ್ರಲ್ಲವ್ವ, ನೀರಿಗೇನು ಮಾಡ್ತಿದ್ರು?"

ಶೀಶ್ ಮಹಲಿನ ಕನ್ನಡಿ ತೋರಿಸುತ್ತಿದ್ದ ಗೈಡ್‌ಗೆ ಈ ಪ್ರಶ್ನೆ ಹಿಡಿಸಿತು. ಗೋಡೆಯಂಚಿಗೆ ಕರೆದುಕೊಂಡು ಹೋಗಿ ಕೆಳಗಿನ ಮಾವಟಾ ಕೆರೆ ತೋರಿಸಿದರು. ಗಡಿಗೆ ಕಟ್ಟಿದ ಚಕ್ರ ತಿರುಗಿಸಿ ಕೆರೆಯ ನೀರನ್ನು ಹಂತ ಹಂತವಾಗಿ ಮೇಲೆತ್ತುತ್ತಿದ್ದರಂತೆ. ಒಂದು ತೊಟ್ಟಿ ತುಂಬಿದರೆ ಅಲ್ಲಿಂದ ಮೇಲಿನ ತೊಟ್ಟಿಗೆ. ಶೀಶ್ ಮಹಲ್ ಎದುರಿನ ಸುಖ್ ನಿವಾಸ್‌ನಲ್ಲಿ ಕೋಣೆಯ ನೆಲದಲ್ಲೇ ಒಂದು ಕಾಲುವೆ ಇದೆ. ಅದರಲ್ಲಿ ನೀರು ಹರಿಸಿ ಕೋಣೆ ತಂಪು ಮಾಡುತ್ತಿದ್ದರು. ಅಪ್ಪ ಬಗ್ಗಿ ಆ ಕಾಲುವೆಯ ಇಳಿಜಾರನ್ನು ಕೈಯಿಂದ ಸವರಿ ನೋಡಿದರು.

ಜೈಗಢದಲ್ಲಿ ಜನ ಮುತ್ತಿಕೊಳ್ಳುವುದು ಜೈವಾಣ ಫಿರಂಗಿಯ ಸುತ್ತ. 1720ರಲ್ಲಿ ಕೋಟೆಯೊಳಗೇ ಎರಕ ಹೊಯ್ದದ್ದು, ಸುಮಾರು 50 ಟನ್ ತೂಕ. ಯುದ್ಧದಲ್ಲಿ ಒಮ್ಮೆಯೂ ಅದರಿಂದ ಗುಂಡು ಹಾರಲಿಲ್ಲ. ಅಪ್ಪ ಅದನ್ನು ಸುಮ್ನೆ ಒಂದು ಸಲ ನೋಡಿ ಟಾಂಕಿಗಳ ಕಡೆ ನಡೆದರು.

ಅಲ್ಲಿ ನಿಂತ ಮೇಲೆ ನನಗೂ ಕಾಲು ಕೀಳಲಾಗಲಿಲ್ಲ. ದೊಡ್ಡ ಟಾಂಕಿಯಲ್ಲಿ ಸುಮಾರು 60 ಲಕ್ಷ ಗ್ಯಾಲನ್ ನೀರು ಹಿಡಿಯುತ್ತದೆ. ಮೇಲೆ ಚಾವಣಿ, ಅದನ್ನು ಹೊತ್ತ ಕಂಬಗಳ ಸಾಲು. ಬಿಸಿಲು ತಾಗದಿದ್ದರೆ ನೀರು ಆರುವುದೂ ಕಡಿಮೆ, ಅಲ್ವಾ? ಇಲ್ಲಿಗೆ ಕೆಳಗಿಂದ ನೀರು ಎತ್ತುವುದಲ್ಲ. ಸುತ್ತಲಿನ ಅರಾವಳಿ ಬೆಟ್ಟಗಳ ಮೇಲೆ ಬಿದ್ದ ಮಳೆಯನ್ನೇ ಕಿಲೋಮೀಟರ್‌ಗಟ್ಟಲೆ ಕಾಲುವೆ ಕಟ್ಟಿ ಕೋಟೆಯೊಳಕ್ಕೆ ತಂದಿದ್ದಾರೆ. ದಾರಿಯಲ್ಲಿ ಅಲ್ಲಲ್ಲಿ ಗುಂಡಿಗಳಿವೆ. ಮಣ್ಣು, ಹೂಳು ಅಲ್ಲೇ ಕೂರುತ್ತದೆ, ತಿಳಿನೀರು ಮುಂದೆ ಹೋಗುತ್ತದೆ. ಪಂಪಿಲ್ಲ, ಕರೆಂಟಿಲ್ಲ. ವರ್ಷಕ್ಕೆ ಎರಡು ಮೂರು ತಿಂಗಳ ಮಳೆಯಷ್ಟೇ ಆಸರೆ.

ಅಪ್ಪನಿಗೆ ಚಿತ್ರದುರ್ಗ ನೆನಪಾಯಿತು. ಅಲ್ಲೂ ಹಾಗೇ, ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ. "ಎಲ್ಲಿಯ ದುರ್ಗ, ಎಲ್ಲಿಯ ರಾಜಸ್ಥಾನ! ಕಲ್ಲು ಬೆಟ್ಟದ ಮೇಲಿದ್ದೋರಿಗೆಲ್ಲಾ ಒಂದೇ ಬುದ್ಧಿ ಹೊಳೆದದೆ ನೋಡು," ಅಂದರು. ಅಷ್ಟು ಖುಷಿಯಾಗಿ ಅವರು ಮಾತಾಡಿದ್ದನ್ನು ನೋಡಿ ಬಹಳ ದಿನವಾಗಿತ್ತು.

ತುರ್ತು ಪರಿಸ್ಥಿತಿಯ ಕಾಲದಲ್ಲಿ ನಿಧಿ ಇದೆಯೆಂದು ಸರ್ಕಾರ ಜೈಗಢವನ್ನು ತಿಂಗಳುಗಟ್ಟಲೆ ಶೋಧಿಸಿತ್ತು. ಗೈಡ್‌ಗಳು ಆ ಕಥೆಯನ್ನು ರಸವತ್ತಾಗಿ ಹೇಳುತ್ತಾರೆ. ಕಾಲುವೆಗಳ ಬಗ್ಗೆ ನಾವೇ ಕೇಳಬೇಕು. ಆಮೇರ್ ನೋಡಿ ಸುಸ್ತಾಗಿ ಜೈಗಢ ಬಿಟ್ಟು ಬರುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ಬೆಳಿಗ್ಗೆ ಮೊದಲು ಜೈಗಢಕ್ಕೇ ಹೋಗಿ, ಟಾಂಕಿ ನೋಡಿಕೊಂಡು ಕಾಲುವೆ ಬೆಟ್ಟದ ಕಡೆ ಹೊರಳುವಲ್ಲಿಯ ತನಕ ನಡೆಯಿರಿ. ಆಮೇರ್‌ನ ಕನ್ನಡಿಗಳನ್ನು ಆಮೇಲೆ ನೋಡಿದರಾಯಿತು.