ಲಾಕಿನೊಳಗೆ ಸಾವಕಾಶ

ಬೇಸಿಗೆಗೆ ಬೆಳಗಾವಿ, ಬಾಗಲಕೋಟೆ ಕಡೆಯಿಂದ ಇಂಗ್ಲೆಂಡಿನ ಮಕ್ಕಳ ಮನೆಗೆ ಹೋಗುವವರು ನಾಲ್ಕು ದಿನ ನ್ಯಾರೋಬೋಟ್, ಅಂದರೆ ಕಾಲುವೆಗೆಂದೇ ಮಾಡಿದ ಉದ್ದನೆಯ ಸಪೂರ ಬೋಟ್, ಬಾಡಿಗೆಗೆ ಹಿಡಿದು ಕಾಲುವೆಯ ಮೇಲೆಯೇ ಇರಬಹುದು. ಓಡಿಸಲು ಲೈಸೆನ್ಸ್ ಬೇಕಿಲ್ಲ. ಬೋಟ್ ಕೊಡುವವರೇ ಹೊರಡುವ ಮುಂಚೆ ಕಲಿಸುತ್ತಾರೆ. ಆದರೆ ಹೇಳಿಸಿಕೊಂಡದ್ದು ಮೊದಲ ಲಾಕ್ (ನೀರು ತುಂಬಿಸಿ, ಇಳಿಸಿ ಬೋಟನ್ನು ಏರಿಸಿ ಇಳಿಸುವ, ಎರಡೂ ತುದಿಗೆ ಗೇಟಿರುವ ತೊಟ್ಟಿ) ಎದುರಾದಾಗ ಮರೆತುಹೋಗುತ್ತದೆ. ಅದಕ್ಕೇ ಇಲ್ಲಿ ಲಾಕಿನ ಮಾತೇ ಹೆಚ್ಚು.

ನಮ್ಮಲ್ಲಿ ಕಾಲುವೆ ಅಂದರೆ ಹಿಡಕಲ್ ಡ್ಯಾಮಿನಿಂದ ಹೊಲಕ್ಕೆ ಹರಿದು ಬರುವ ನೀರು. ಅಲ್ಲಿನದು ಹೆಚ್ಚುಕಡಿಮೆ ನಿಂತ ನೀರು, ಸರಕು ಸಾಗಿಸಲು ತೋಡಿದ್ದು. 1761ರಲ್ಲಿ ಶುರುವಾದ ಬ್ರಿಡ್ಜ್‌ವಾಟರ್ ಕಾಲುವೆ ಕಲ್ಲಿದ್ದಲು ಸಾಗಿಸಲೆಂದೇ ಆದದ್ದು. ಏರು ಬಂದಲ್ಲಿ ನೀರನ್ನು ಮೆಟ್ಟಿಲು ಮಾಡಿದ್ದಾರೆ. ಒಂದೊಂದು ಮೆಟ್ಟಿಲೂ ಒಂದು ಲಾಕ್. ಸಣ್ಣ ಲಾಕಿನ ಅಗಲ ಸುಮಾರು 7 ಅಡಿ, ಬೋಟಿನದು 6 ಅಡಿ 10 ಇಂಚು. ಆಚೆ ಈಚೆ ಒಂದೊಂದು ಇಂಚು ಉಳಿದರೆ ಹೆಚ್ಚು.

ಲಾಕಿನ ತೂಬಿಗೆ ಅಲ್ಲಿ ಪ್ಯಾಡಲ್ ಅನ್ನುತ್ತಾರೆ. ಅದನ್ನು ಎತ್ತುವ ಕಬ್ಬಿಣದ ಹಿಡಿಕೆ ವಿಂಡ್‌ಲಸ್, ಹಳೇ ಡೀಸೆಲ್ ಪಂಪ್‌ಸೆಟ್ಟಿನ ಹ್ಯಾಂಡಲ್ ಇದ್ದ ಹಾಗೆ. ಪ್ಯಾಡಲ್ ಎತ್ತಿದ ಮೇಲೆ ಕೊಂಡಿ ಕೂತಿದೆಯೇ ನೋಡಿ, ಹಿಡಿಕೆಯನ್ನು ತಕ್ಷಣ ತೆಗೆದು ಕೈಯಲ್ಲೇ ಇಟ್ಟುಕೊಳ್ಳಿ. ಅಲ್ಲೇ ಬಿಟ್ಟರೆ, ಕೊಂಡಿ ಜಾರಿದ ಗಳಿಗೆ ಅದು ಗರಗರ ತಿರುಗಿ ಮುಂಗೈ ಮುರಿಯುತ್ತದೆ.

ಮೇಲೆ ಏರುವಾಗ ಲಾಕ್ ಖಾಲಿ, ಅಂದರೆ ಒಳಗಿನ ನೀರು ಕೆಳಗಿನ ಕಾಲುವೆಯ ಮಟ್ಟಕ್ಕೆ ಇರಬೇಕು. ಒಳಗೆ ಹೋಗಿ, ಕೆಳಗಿನ ಗೇಟು ಮುಚ್ಚಿ, ಕೆಳಗಿನ ಪ್ಯಾಡಲ್ ಪೂರ್ತಿ ಇಳಿದಿದೆಯೇ ನೋಡಿ. ಆಮೇಲೆ ಮೇಲಿನ ಪ್ಯಾಡಲ್ ಅರ್ಧ ಮಾತ್ರ ಎತ್ತಿ. ಒಮ್ಮೆಲೇ ಎತ್ತಿದರೆ ನೀರು ನುಗ್ಗಿ ಬೋಟನ್ನು ಹಿಂದೆ ಮುಂದೆ ಎಳೆದಾಡುತ್ತದೆ. ಬೋಟ್ ಸ್ಥಿರವಾದ ಮೇಲೆ ಪೂರ್ತಿ ಎತ್ತಿ. ಎರಡೂ ಕಡೆ ನೀರು ಸಮ ಆಗುವವರೆಗೆ ಗೇಟು ಎಷ್ಟು ನೂಕಿದರೂ ಜಗ್ಗುವುದಿಲ್ಲ, ಸಮ ಆದಾಗ ಬೆನ್ನು ಕೊಟ್ಟರೆ ಸಾಕು.

ನಿಜವಾದ ಅಪಾಯ ಇಳಿಯುವಾಗ. ಮೇಲಿನ ಗೇಟಿನ ಬುಡದಲ್ಲಿ ನೀರಿನೊಳಗೆ ಒಂದು ಕಲ್ಲಿನ ಕಟ್ಟೆ ಇರುತ್ತದೆ, ಅದಕ್ಕೆ ಸಿಲ್ ಅನ್ನುತ್ತಾರೆ. ಲಾಕಿನ ಅಂಚಿನಲ್ಲಿ ಬಿಳಿ ಬಣ್ಣ ಬಳಿದು ಅದರ ಗುರುತು ಮಾಡಿರುತ್ತಾರೆ. ಬೋಟಿನ ಹಿಂಭಾಗ ಆ ಗುರುತಿಗಿಂತ ಮುಂದೆಯೇ ಇರಬೇಕು. ಸಿಲ್ ಮೇಲೆ ಕೂತರೆ ನೀರು ಇಳಿದಂತೆ ಹಿಂಭಾಗ ಮೇಲೇ ಉಳಿದು ಮೂತಿ ಕೆಳಗೆ ಬಾಗುತ್ತದೆ, ಬೋಟ್ ಮುಳುಗಿದ್ದೂ ಇದೆ. ಹಾಗಾದರೆ ಮೊದಲು ಕೆಳಗಿನ ಪ್ಯಾಡಲ್ ಮುಚ್ಚಿ, ಆಮೇಲೆ ಮೇಲಿನದನ್ನು ಸಾವಕಾಶ ತೆರೆದು ನೀರು ತುಂಬಿಸಿ. ಇಳಿಯುವಾಗ ಹಗ್ಗವನ್ನು ಗಟ್ಟಿ ಕಟ್ಟಲೇಬೇಡಿ. ನೀರು ಇಳಿದಾಗ ಬೋಟ್ ಹಗ್ಗಕ್ಕೇ ಜೋತು ಬೀಳುತ್ತದೆ.

ದಾರಿಯ ಲೆಕ್ಕ ಸುಲಭ: ಒಂದು ಮೈಲಿಗೆ 20 ನಿಮಿಷ, ಒಂದು ಲಾಕಿಗೂ 20 ನಿಮಿಷ. 10 ಮೈಲಿ, 8 ಲಾಕ್ ಅಂದರೆ 6 ತಾಸು. ಮೊದಲ ಸಲ ಹೋಗುವವರಿಗೆ ದಿನಕ್ಕೆ ಅಷ್ಟೇ ಸಾಕು. ಡಿವೈಜಸ್ ಊರಿನ ಕೇನ್ ಹಿಲ್‌ನಲ್ಲಿ 2 ಮೈಲಿಯೊಳಗೇ 29 ಲಾಕ್ ಇವೆ, ಅದಕ್ಕೆ ಇಡೀ ದಿನ ಬಿಡಿ.

ವೇಗ ಗಂಟೆಗೆ 4 ಮೈಲಿ ದಾಟುವಂತಿಲ್ಲ. ದಂಡೆಗೆ ತೆರೆ ಒಡೆಯುತ್ತಿದ್ದರೆ ಅದಕ್ಕಿಂತ ಕಡಿಮೆ ಇದ್ದರೂ ಜಾಸ್ತಿಯೇ. ಕಟ್ಟಿದ ಬೋಟುಗಳ ಪಕ್ಕ ಇನ್ನೂ ನಿಧಾನ. ಎದುರಿಗೆ ಬೋಟ್ ಬಂದರೆ ಬಲಕ್ಕೆ ಸರಿಯಬೇಕು. ನಮ್ಮ ರಸ್ತೆಯ ರೂಢಿಗೆ ಇದು ಉಲ್ಟಾ. ಬೋಟನ್ನು ತಿರುಗಿಸುವ ಹಿಂದಿನ ಹಿಡಿಕೆ, ಟಿಲ್ಲರ್, ಕೂಡ ಹಾಗೆಯೇ, ಎಡಕ್ಕೆ ನೂಕಿದರೆ ಮೂತಿ ಬಲಕ್ಕೆ ತಿರುಗುತ್ತದೆ.

ಇಂಜಿನ್ ಓಡುತ್ತಿದ್ದರೂ ಬೋಟ್ ಮುಂದೆ ಹೋಗದಿದ್ದರೆ ಪಂಖಕ್ಕೆ ಪ್ಲಾಸ್ಟಿಕ್ಕೋ ಹಳೇ ಸೀರೆಯಂಥ ಬಟ್ಟೆಯೋ ಸುತ್ತಿರುತ್ತದೆ. ಇಂಜಿನ್ ಬಂದ್ ಮಾಡಿ, ಚಾವಿ ತೆಗೆದು ಜೇಬಿಗೆ ಹಾಕಿಕೊಂಡ ಮೇಲಷ್ಟೇ ಪಂಖದ ಮೇಲಿನ ಮುಚ್ಚಳ, ಅಂದರೆ ವೀಡ್ ಹ್ಯಾಚ್, ಬಿಚ್ಚಿ ಕೈ ಹಾಕಿ. ವಾಪಸ್ ಬಿಗಿಯಾಗಿ ಮುಚ್ಚದೆ ಹೊರಟರೆ ನೀರು ಒಳಗೆ ನುಗ್ಗುತ್ತದೆ.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಿಂತ ಒಳ್ಳೆಯದು ಇಲ್ಲ. ಸಣ್ಣ ಗ್ಯಾಸ್ ಒಲೆಯ ಮುಂದೆ ನಿಂತು ಸಮಯ ಕಳೆಯುವುದು ತಪ್ಪುತ್ತದೆ. ಬೆಳಗಾವಿ ಕುಂದಾ ಮಾತ್ರ ಒಯ್ಯಬೇಡಿ, ಅದು ಹಾಲಿನದು. ಭಾರತದಿಂದ ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ.

ಸಂಜೆ ಕಾಲುದಾರಿ ಇರುವ ದಂಡೆಗೆ ಬೋಟ್ ಹಚ್ಚಿ, ಹಿಂದೆ ಮುಂದೆ ಒಂದೊಂದು ಗೂಟ ಹೊಡೆದು ಕಟ್ಟಿ. ತಿರುವಿನಲ್ಲಿ, ಸೇತುವೆಯ ಬುಡದಲ್ಲಿ, ಲಾಕಿನ ಬಾಯಲ್ಲಿ ಬೇಡ. ರಾತ್ರಿ 8ರ ಮೇಲೆ ಇಂಜಿನ್ ಚಾಲೂ ಮಾಡಬೇಡಿ. ಜೂನ್‌ನಲ್ಲಿ ಒಂಬತ್ತೂವರೆಗೂ ಬೆಳಕಿರುತ್ತದೆ, ಛತ್ತಿನ ಮೇಲೆ ದೀಪ ಬೇಕಾಗುವುದಿಲ್ಲ.