ಪರ್ಗೋಲಾ: ಕಿಟ್ ತರಿಸೋದಾ, ಕಟ್ಟಿಸೋದಾ?

ಬೆಂಗಳೂರಿನ ನಾಗರಭಾವಿಯ ನಮ್ಮ ಮನೆ ತಾರಸಿಗೆ ಪರ್ಗೋಲಾ, ಅಂದರೆ ಕಂಬಗಳ ಮೇಲೆ ಸಂದು ಬಿಟ್ಟು ಪಟ್ಟಿ ಜೋಡಿಸಿದ ಚಪ್ಪರ, ಬಂದ ಮೇಲೆ ನೋಡಿದವರೆಲ್ಲ ಕೇಳೋದು ಒಂದೇ ಪ್ರಶ್ನೆ: ‘ಆನ್‌ಲೈನ್‌ನಲ್ಲಿ ತಂದು ಜೋಡಿಸಿಕೊಳ್ಳೋ ರೆಡಿ ಕಿಟ್ ಸಿಗುತ್ತಲ್ಲ, ಅದನ್ನೇ ತರಿಸಬಹುದಿತ್ತಲ್ಲ?’ ತರಿಸಬಹುದಿತ್ತು. ನಮ್ಮ ಮನೆಯವರಿಗೂ ಅದೇ ಮನಸ್ಸಿತ್ತು. ಆದರೆ ಕಿಟ್ ನಮಗೆ ಹೇಗೂ ಸುಲಭವಾಗಿದ್ದ ಕೆಲಸವನ್ನು ಮಾಡಿಕೊಟ್ಟು, ಕಷ್ಟದ್ದನ್ನು ನಮ್ಮ ತಲೆ ಮೇಲೇ ಬಿಡುತ್ತೆ. ಅಳತೆಗೆ ಕತ್ತರಿಸೋದು, ತೂತು ಹೊಡೆಯೋದು, ಬಣ್ಣ ಬಳಿಯೋದನ್ನು ನಮ್ಮ ಊರಿನ ಯಾವ ಬಡಾವಣೆಯ ಗ್ರಿಲ್ ಅಂಗಡಿಯವರಾದರೂ ಮಾಡಿಕೊಡುತ್ತಾರೆ. ಕಂಬ ಎಲ್ಲಿ ನಿಲ್ಲಬೇಕು, ಗಾಳಿಗೆ ಹೇಗೆ ತಡೆಯಬೇಕು, ಬಿಸಿಲು ಯಾವ ಹೊತ್ತಿಗೆ ಯಾವ ಕಡೆಯಿಂದ ಬೀಳುತ್ತೆ ಅನ್ನೋ ಲೆಕ್ಕ ಮಾತ್ರ ಪೆಟ್ಟಿಗೆಯಲ್ಲಿ ಬರೋದಿಲ್ಲ.

ಮೊದಲು ಕಂಬದ ಮಾತು. ಕಿಟ್‌ಗಳ ಫೋಟೋದಲ್ಲಿ ಪರ್ಗೋಲಾ ಹುಲ್ಲುಹಾಸಿನ ಪಕ್ಕ, ನೆಲದ ಕಾಂಕ್ರೀಟಿನ ಮೇಲೆ ನಿಂತಿರುತ್ತೆ. ನಮ್ಮದು ಮೂವತ್ತು ನಲವತ್ತರ ಸೈಟು, ಎರಡು ಮಹಡಿ ಮೇಲಿನ ತಾರಸಿ. ಐದು ಇಂಚಿನ ಸ್ಲ್ಯಾಬು, ಅದರ ಮೇಲೆ ವಾಟರ್‌ಪ್ರೂಫಿಂಗ್, ಅದರ ಮೇಲೆ ನೀರು ಹರಿಯಲು ಇಳಿಜಾರು ಕೊಟ್ಟ ಗಾರೆ. ಕಂಬ ನಾಲ್ಕು, ಒಂದೊಂದರ ಬುಡಕ್ಕೆ ಕಾಂಕ್ರೀಟ್ ಕೊರೆದು ಕೂರಿಸುವ ಆಂಕರ್ ಬೋಲ್ಟ್ ನಾಲ್ಕು ಅಂದರೂ ಹದಿನಾರು ತೂತು ಬೀಳುತ್ತೆ. ಒಂದೊಂದರಲ್ಲೂ ಮಳೆನೀರು ಇಳಿಯಲು ದಾರಿ. ನೀರು ಇಳಿದರೆ ಒಳಗಿನ ಕಂಬಿ ತುಕ್ಕು ಹಿಡಿಯುತ್ತೆ, ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಸೀಳುತ್ತೆ. ಆ ಸ್ಲ್ಯಾಬಿನ ಕೆಳಗೆ ನಮ್ಮ ಅತ್ತೆ ಮಲಗುವ ಕೋಣೆ ಇದೆ.

ನಮ್ಮ ಬೀದಿ ಕೊನೆಯ ಗ್ರಿಲ್ ಅಂಗಡಿಯ ವೆಲ್ಡರ್ ಅಣ್ಣ ತಾರಸಿಗೆ ಬಂದವರು ಟೇಪು ತೆಗೆಯಲಿಲ್ಲ, ಮೊದಲು ಮೂಲೆಯಲ್ಲಿ ಚಾಚಿಕೊಂಡಿದ್ದ ಕಂಬಿಗಳನ್ನು ನೋಡಿದರು. ಮುಂದೆ ಇನ್ನೊಂದು ಮಹಡಿ ಎತ್ತಿದರೆ ಬೇಕಾಗುತ್ತೆ ಅಂತ ಕಾಲಮ್‌ಗಳ ಕಂಬಿಯನ್ನು ಕತ್ತರಿಸದೆ ಬಿಡೋದು ಬೆಂಗಳೂರಿನ ಮನೆ ಮನೆಯಲ್ಲೂ ಇದೆ. ‘ಅಕ್ಕಾ, ಸ್ಲ್ಯಾಬ್ ಮುಟ್ಟೋದೇ ಬೇಡ, ಇದರ ಮೇಲೇ ಕೂರ್ಸೋಣ’ ಅಂದರು. ಗಾರೆಯವರು ಆ ಕಂಬಿಗಳ ತುಕ್ಕು ಉಜ್ಜಿ, ರಿಂಗ್ ಕಟ್ಟಿ, ಒಂದಡಿ ಎತ್ತರದ ಕಾಂಕ್ರೀಟ್ ಕಟ್ಟೆ ಎರಕ ಹಾಕಿದರು. ಹಸಿ ಕಾಂಕ್ರೀಟಿನಲ್ಲೇ ಬುಡ ಬಗ್ಗಿಸಿದ ಜೆ ಬೋಲ್ಟ್ ಹೂತು, ಕಾಂಕ್ರೀಟ್ ಗಟ್ಟಿಯಾದ ಮೇಲೆ ಕಂಬದ ಬುಡದ ಬೇಸ್ ಪ್ಲೇಟ್ ಕೂರಿಸಿದ್ದು. ವಾಟರ್‌ಪ್ರೂಫಿಂಗಿಗೆ ಒಂದು ತೂತೂ ಬೀಳಲಿಲ್ಲ. ಭಾರ ನೇರವಾಗಿ ಕಾಲಮ್‌ಗೆ ಇಳಿಯುತ್ತೆ. ಕಬ್ಬಿಣವೇ ಐನೂರು ಕೆ.ಜಿ. ಆಸುಪಾಸು ಬರುವುದರಿಂದ ಮನೆಯ ನಕ್ಷೆ ಮಾಡಿದ ಎಂಜಿನಿಯರ್‌ಗೂ ತೋರಿಸಿ ಒಪ್ಪಿಗೆ ಪಡೆದೆವು.

ಇಲ್ಲಿಗೆ ಕಿಟ್‌ನ ಮಾತು ಮುಗಿದ ಹಾಗೇ ಆಯಿತು. ನಮ್ಮ ಕಾಲಮ್‌ಗಳ ನಡುವೆ ಪೂರ್ವ-ಪಶ್ಚಿಮ ಹನ್ನೊಂದು ಅಡಿ ನಾಲ್ಕು ಇಂಚು, ಉತ್ತರ-ದಕ್ಷಿಣ ಹನ್ನೆರಡು ಅಡಿ ಒಂಬತ್ತು ಇಂಚು. ನಾನು ನೋಡಿದ ಕಿಟ್‌ಗಳು 3 ಮೀಟರ್‌ಗೆ 3 ಮೀಟರ್, ಇಲ್ಲವೇ 3ಕ್ಕೆ 4. ಕಾಲಮ್‌ಗಳು ಅದಕ್ಕೆ ತಕ್ಕಂತೆ ಜರುಗೋದಿಲ್ಲವಲ್ಲ.

ಗಾಳಿ ಬಗ್ಗೆ ಜನ ಯೋಚನೆಯನ್ನೇ ಮಾಡಲ್ಲ ಅನ್ನೋದು ನನಗೆ ನಿಜವಾಗಲೂ ಕಳವಳದ ವಿಷಯ. ಪಟ್ಟಿಗಳ ನಡುವೆ ಸಂದು ಇರೋವರೆಗೆ ಪರ್ಗೋಲಾದೊಳಗೆ ಗಾಳಿ ನುಸುಳಿ ಹೋಗುತ್ತೆ. ಮಳೆ ಬೀಳಬಾರದು ಅಂತ ಮೇಲೆ ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಶೀಟ್ ಹೊದಿಸಿದ ಕೂಡಲೇ ಅದು ದೋಣಿಯ ಹಾಯಿಯಂತಾಗಿಬಿಡುತ್ತೆ. ಕಟ್ಟಡಗಳ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ 653 ನ್ಯೂಟನ್, ಸುಮಾರು 67 ಕೆ.ಜಿ. ಭಾರದಷ್ಟು ಒತ್ತಡ. ಕಟ್ಟಡದ ಎತ್ತರ, ಶೀಟಿನ ಇಳಿಜಾರು ಸೇರಿಸಿದರೆ ಸಂಖ್ಯೆ ಹೆಚ್ಚುಕಡಿಮೆ ಆಗುತ್ತೆ, ಆದರೆ ಹತ್ತು ಚದರ ಮೀಟರ್ ಶೀಟನ್ನು ಮೇಲಕ್ಕೆ ಎಳೆಯುವ ಬಲ ಎಷ್ಟಿರಬಹುದು ಅನ್ನೋ ಅಂದಾಜು ಸಿಗುತ್ತೆ. ಏಪ್ರಿಲ್-ಮೇ ತಿಂಗಳ ಸಂಜೆ ಮಳೆಗೆ ಮುಂಚೆ ಎದ್ದು ಬರುವ ಗಾಳಿಯನ್ನು ನೆನಪು ಮಾಡಿಕೊಳ್ಳಿ. ಇಬ್ಬರು ಎತ್ತಬಹುದಾದ ಅಲ್ಯುಮಿನಿಯಂ ಚೌಕಟ್ಟಿಗೆ, ಗಾರೆಯಲ್ಲಷ್ಟೇ ಕಚ್ಚಿಕೊಂಡ ಬೋಲ್ಟಿಗೆ, ಆ ಗಾಳಿಯನ್ನು ನಂಬಿ ಒಪ್ಪಿಸಬೇಡಿ. ನಾವು ಶೀಟ್ ಹಾಕಿಲ್ಲ, ಹಾಕೋದೂ ಇಲ್ಲ.

ಇನ್ನು ಬಿಸಿಲು. ಕಿಟ್‌ಗಳ ಕೈಪಿಡಿ ಬಹುಪಾಲು ಉತ್ತರದ ತಂಪು ದೇಶಗಳ ಲೆಕ್ಕ. ಅಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ಪಟ್ಟಿಗಳು ಪೂರ್ವ-ಪಶ್ಚಿಮವಾಗಿ ಓಡಲಿ ಅನ್ನುತ್ತಾರೆ. ನಾವಿರೋದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿಗೊಮ್ಮೆ, ಆಗಸ್ಟ್ 18ರ ಆಸುಪಾಸಿಗೊಮ್ಮೆ ಸೂರ್ಯ ನಡುನೆತ್ತಿಗೇ ಬಂದು ನೆರಳೇ ಇರಲ್ಲ. ಆ ಕಾಲದಲ್ಲಿ ಪೂರ್ವ-ಪಶ್ಚಿಮದ ಪಟ್ಟಿ ಹಾಕಿದರೆ ಸೂರ್ಯ ಪಟ್ಟಿಯ ಉದ್ದಕ್ಕೂ ನಡೆದುಹೋಗುತ್ತಾನೆ, ಕೆಳಗೆ ಕೂತವರಿಗೆ ಇಡೀ ದಿನ ಬಿಸಿಲು. ನಮಗೆ ಬೇಕಾದ್ದು ಉತ್ತರ-ದಕ್ಷಿಣದ ಪಟ್ಟಿ, ಅದೂ ಮಲಗಿಸಿದ್ದಲ್ಲ, ನಿಲ್ಲಿಸಿದ್ದು. ನಮ್ಮ ಪಟ್ಟಿ ನಾಲ್ಕು ಇಂಚು ಎತ್ತರ, ಸಂದೂ ನಾಲ್ಕು ಇಂಚು. ಸೂರ್ಯ 45 ಡಿಗ್ರಿಗಿಂತ ಕೆಳಗಿಳಿದರೆ ಪಟ್ಟಿ ಪಟ್ಟಿಯ ನೆರಳು ಕೂಡಿಕೊಳ್ಳುತ್ತೆ. ಏಪ್ರಿಲ್‌ನಲ್ಲಿ ಅದು ಮಧ್ಯಾಹ್ನ ಮೂರೂವರೆ ಹೊತ್ತಿಗೆ. ಅತ್ತೆ ಕಾಫಿ ಲೋಟ ಹಿಡಿದು ಮೇಲೆ ಬರೋದು ನಾಲ್ಕಕ್ಕೆ. ಹನ್ನೆರಡು ಗಂಟೆಯ ಬಿಸಿಲಿಗೆ ಯಾವ ಪಟ್ಟಿಯೂ ಉತ್ತರವಲ್ಲ, ಅದಕ್ಕೆ ಬಳ್ಳಿಯೇ ಬೇಕು.

ಕಿಟ್‌ಗೆ ಸಲ್ಲಬೇಕಾದ್ದನ್ನೂ ಹೇಳಬೇಕು. ಅದರ ತುಂಡುಗಳು ಮೆಟ್ಟಿಲಲ್ಲಿ ತಿರುಗುತ್ತವೆ. ಕಬ್ಬಿಣದ ಪೈಪು ಇಪ್ಪತ್ತು ಅಡಿ ಉದ್ದ ಬರುತ್ತೆ, ಯಾವ ಮನೆಯ ಮೆಟ್ಟಿಲಲ್ಲೂ ತಿರುಗಲ್ಲ. ಹೊರಗಿಂದ ಹಗ್ಗ ಕಟ್ಟಿ ಎಳೆಯೋಣ ಅಂತ ಹುಡುಗರು ಹೊರಟರೆ ದಯವಿಟ್ಟು ಬೀದಿಯ ವಿದ್ಯುತ್ ತಂತಿ ಎಲ್ಲಿದೆ ನೋಡಿ. ತೂಗಾಡುವ ಪೈಪು ತಂತಿಗೆ ತಾಗಬೇಕಂತಲೂ ಇಲ್ಲ, 11 ಕೆ.ವಿ. ಲೈನಿನ ಹತ್ತಿರ ಹೋದರೂ ಸಾಕು, ಜೀವ ಹೋಗುತ್ತೆ. ನಾವು ಎಲ್ಲವನ್ನೂ ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ, ಮನೆಯ ಹಿಂದುಗಡೆ, ತಂತಿಯೇ ಇಲ್ಲದ ಕಡೆಯಿಂದ ಮೇಲಕ್ಕೆತ್ತಿಸಿದೆವು.

ವೆಲ್ಡಿಂಗ್ ಮುಗಿದ ಮೇಲೆ ನಾನು ಪಟ್ಟು ಹಿಡಿದು ಮಾಡಿಸಿದ್ದು ಒಂದಿದೆ. ಪೈಪಿನ ತೆರೆದ ಬಾಯಿಗಳಿಗೆಲ್ಲ ತಗಡಿನ ಚೌಕ ಇಟ್ಟು, ಸುತ್ತಲೂ ಬಿಡದೆ ಬೆಸೆಯಿಸಿದೆ. ಅಲ್ಲಲ್ಲಿ ಚುಕ್ಕಿ ವೆಲ್ಡಿಂಗ್ ಮಾಡಿ ಪುಟ್ಟಿ ಮೆತ್ತಿದರೆ ನೋಡಲು ಚೆನ್ನಾಗಿರುತ್ತೆ, ಆದರೆ ಮಳೆನೀರು ಕೂದಲೆಳೆ ಸಂದಿನಲ್ಲೂ ಒಳಗೆ ಇಳಿದು ಕಂಬದ ಬುಡದಲ್ಲಿ ನಿಲ್ಲುತ್ತೆ. ಹೊರಗೆ ಬಣ್ಣ ಹೊಸದಾಗಿಯೇ ಕಾಣುತ್ತಿರುತ್ತೆ, ಒಳಗಿಂದ ಪೈಪು ಸವೆದಿರುತ್ತೆ. ಅದಕ್ಕೇ ಪ್ರತಿ ಕಂಬದ ಬುಡದಲ್ಲಿ, ಬೇಸ್ ಪ್ಲೇಟಿಗೆ ಅರ್ಧ ಇಂಚು ಮೇಲೆ, ಬೆರಳಿನಷ್ಟು ಗಾತ್ರದ ತೂತನ್ನೂ ಬಿಡಿಸಿದ್ದೇವೆ, ಒಳಗೆ ತೇವ ಆದರೂ ಹೊರಗೆ ಬರಲಿ ಅಂತ. ಬೆಸುಗೆಗಳನ್ನು ಉಜ್ಜಿ ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರನ್ನು ಎರಡು ಕೋಟ್ ಬಳಿದದ್ದು ನಾನೇ.

ಮರದಲ್ಲಿ ಮಾಡಿಸಬೇಕು ಅನ್ನುವವರು ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ಗೆ ಹೋಗಿ ತೇಗದ ದರ ಕೇಳಿ ಬನ್ನಿ. ಸಿಲ್ವರ್ ಓಕ್ ಅಗ್ಗ, ಆದರೆ ಮಳೆಯಲ್ಲಿ ನೆನೆಯುವ ಕೆಲಸಕ್ಕೆ ಅದಲ್ಲ. ಬಿದಿರು ನನಗೆ ಇಷ್ಟ, ಕೆಲವೇ ವರ್ಷಕ್ಕೆ ಬದಲಿಸಲು ಸಿದ್ಧರಿದ್ದರೆ ಮಾತ್ರ.

ದುಡ್ಡಿನಲ್ಲಿ ಹೇಳಿಕೊಳ್ಳುವಂಥ ಉಳಿತಾಯ ಇಲ್ಲ. ಗ್ರಿಲ್ ಅಂಗಡಿಯವರು ಕೆ.ಜಿ. ಲೆಕ್ಕದಲ್ಲಿ ದರ ಹೇಳುತ್ತಾರೆ, ಅದರಲ್ಲಿ ಕೂಲಿ, ಪ್ರೈಮರ್, ಸಾಗಾಣಿಕೆ ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಿ, ಪೈಪಿನ ದಪ್ಪವನ್ನು ಮಿಲಿಮೀಟರಿನಲ್ಲಿ ಬರೆಸಿಕೊಳ್ಳಿ. ಕಿಟ್‌ನ ಬೆಲೆಗೆ ಗಾರೆ ಕೆಲಸ, ಜೋಡಿಸುವವರ ಕೂಲಿ ಸೇರಿಸಿ ನೋಡಿ. ನಮಗೆ ಎರಡೂ ಹತ್ತಿರ ಹತ್ತಿರ ಬಂದವು.

ಬಾಡಿಗೆ ಮನೆಯಲ್ಲಿರೋ ನನ್ನ ತಮ್ಮನಿಗೆ ಮಾತ್ರ ಕಿಟ್ಟನ್ನೇ ತಗೋ ಅಂದೆ. ಮನೆ ಬಿಟ್ಟಾಗ ಬಿಚ್ಚಿ ಒಯ್ಯಬಹುದು. ಬೋಲ್ಟ್ ಹೊಡೆಯುವ ಹಾಗಿಲ್ಲದ್ದರಿಂದ ನಾಲ್ಕೂ ಕಂಬವನ್ನು ಕಾಂಕ್ರೀಟ್ ತುಂಬಿದ ದೊಡ್ಡ ತೊಟ್ಟಿಗಳಲ್ಲಿ ನಿಲ್ಲಿಸಿದ್ದಾನೆ, ಮೇಲೆ ಏನೂ ಹೊದಿಸಿಲ್ಲ.

ನಮ್ಮ ಪರ್ಗೋಲಾ ಮೇಲೆ ಈಗ ಒಂದು ಬದಿ ಚಪ್ಪರದವರೆ, ಇನ್ನೊಂದು ಬದಿ ಬೆಂಗಳೂರು ಬ್ಲೂ ದ್ರಾಕ್ಷಿ. ದೇವನಹಳ್ಳಿ ಹತ್ತಿರದ ತೋಟದಲ್ಲಿ ಅಪ್ಪ ಇದೇ ದ್ರಾಕ್ಷಿಯನ್ನು ಕಲ್ಲುಕಂಬ, ತಂತಿಯ ಚಪ್ಪರದಲ್ಲಿ ಬೆಳೆಯುತ್ತಿದ್ದರು. ಅಂಚಿನ ಕಂಬಗಳನ್ನು ಹೊರಕ್ಕೆ ವಾಲಿಸಿ ನೆಟ್ಟು, ನೆಲದಲ್ಲಿ ಹೂತ ಕಲ್ಲಿಗೆ ತಂತಿಯಿಂದ ಬಿಗಿಯುತ್ತಿದ್ದರು, ಚಪ್ಪರದ ಎಳೆತವೆಲ್ಲ ಅಂಚಿಗೇ ಬರುತ್ತೆ ಅಂತ. ಏಪ್ರಿಲ್ ಬಿಸಿಲಿಗೆ ಕಾದ ಕಬ್ಬಿಣ ಎಳೆ ಕುಡಿಯನ್ನು ಸುಡುತ್ತೆ ಅಂದವರೂ ಅವರೇ. ಅದಕ್ಕೆ ಪಟ್ಟಿಗಳಿಂದ ಆರಿಂಚು ಕೆಳಗೆ ಅಡಿಗೊಂದರಂತೆ ತೆಂಗಿನ ನಾರಿನ ಹಗ್ಗ ಎಳೆದಿದ್ದೇನೆ. ಕುಡಿಗಳು ಅದನ್ನೇ ಹಿಡಿದು ಹೋಗುತ್ತಿವೆ. ಅವರೆಬಳ್ಳಿ ಆಗಲೇ ಎರಡನೇ ಬೀಮ್ ದಾಟಿದೆ, ದ್ರಾಕ್ಷಿಗೆ ಇನ್ನೂ ಅರ್ಧ ದಾರಿ ಇದೆ.