ಬೂಷ್ಟು

14 ಜೂನ್ 2024, ಶುಕ್ರವಾರ, ರಾತ್ರಿ

ಏಳನೇ ಬೆಡ್‌ನವರ ರಕ್ತದ ಕಲ್ಚರ್‌ನಲ್ಲಿ, ಅಂದ್ರೆ ಕ್ರಿಮಿ ಬೆಳೆಯುತ್ತಾ ಅಂತ ನೋಡೋ ಪರೀಕ್ಷೆಯಲ್ಲಿ, ಕ್ಯಾಂಡಿಡಾ ಅನ್ನೋ ಫಂಗಸ್ ಬೆಳೆದಿದೆ ಅಂತ ಲ್ಯಾಬ್‌ನಿಂದ ಫೋನ್ ಬಂತು. ಎರಡು ದಿನದಿಂದ ಬಿಪಿ ಇಳಿಯುತ್ತಲೇ ಇತ್ತು. ಜ್ವರ ಇರಲಿಲ್ಲ. ಲಿವರ್ ಇಷ್ಟು ಸೋತವರಿಗೆ ಜ್ವರ ಬರಲೇಬೇಕು ಅಂತೇನಿಲ್ಲ.

ಅವರ ಹೆಂಡತಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಫಂಗಸ್ ಅಂದೆ, ಗೊತ್ತಾಗಲಿಲ್ಲ. ಶಿಲೀಂಧ್ರ ಅನ್ನೋದು ಪರೀಕ್ಷೆಯಲ್ಲಿ ಬರೆಯೋ ಪದ. ಕೊನೆಗೆ ಬೂಷ್ಟು ಅಂದೆ.

"ಒದ್ದೆ ಗೋಡೆಗೆ ಹಿಡಿಯುತ್ತಲ್ಲ, ಅದಾ ಡಾಕ್ಟ್ರೇ? ರಕ್ತದಲ್ಲಾ?"

"ಆ ಜಾತಿಯದೇ ಅಮ್ಮಾ."

"ನಾನು ದಿನಾ ಬಾಯಿ ಒರೆಸ್ತಿದ್ದೆ. ಸರಿಯಾಗಿ ಒರೆಸಲಿಲ್ವೇನೋ."

ಅದು ತುಂಬಾ ಜನರ ಬಾಯಲ್ಲಿ, ಕರುಳಲ್ಲಿ ಮೊದಲಿಂದಲೂ ಸುಮ್ನೆ ಇರುತ್ತೆ, ನಿಮ್ಮದೇನೂ ತಪ್ಪಿಲ್ಲ ಅಂದೆ. ಹಾಗಾದರೆ ಈಗ್ಯಾಕೆ ಎದ್ದಿತು ಅಂತ ಕೇಳಿದರು. ಕರುಳಿಂದ ಬರೋ ಕ್ರಿಮಿಗಳನ್ನು ಲಿವರ್ ಹಿಡಿದು ಹಾಕುತ್ತೆ, ಈಗ ಆ ಕಾವಲು ಹೋಗಿದೆ. ಆಂಟಿಬಯಾಟಿಕ್ ಕೊಟ್ಟಾಗ ಬ್ಯಾಕ್ಟೀರಿಯಾ ಸತ್ತು ಇದಕ್ಕೆ ಜಾಗ ಸಿಕ್ಕಿತು. ಲಿವರ್‌ಗೆ ಅಂತ ಸ್ಟೀರಾಯ್ಡ್ ಬೇರೆ ಕೊಟ್ಟಿದ್ದೆವು, ಅದು ದೇಹದ ರಕ್ಷಣೆ ತಗ್ಗಿಸುತ್ತೆ; ಏಳನೇ ದಿನ ರಕ್ತಪರೀಕ್ಷೆ ನೋಡಿ ಲೆಕ್ಕ ಹಾಕಿ, ಕೆಲಸ ಮಾಡ್ತಿಲ್ಲ ಅಂತ ನಿಲ್ಲಿಸಿದ್ದೆವು. ಕುತ್ತಿಗೆಯಲ್ಲಿ ಲೈನ್, ಔಷಧಿ ಕೊಡೋಕೆ ರಕ್ತನಾಳಕ್ಕೆ ಹಾಕಿದ ನಳಿಗೆ, ಅದೂ ಒಂದು ದಾರಿ.

"ಅಂದ್ರೆ ನೀವು ಕೊಟ್ಟ ಔಷಧಿಯಿಂದಲೇನಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಗಂಟೆ ಎಷ್ಟು ಅಂತ ಕೇಳಿದ ಹಾಗಿತ್ತು.

ಅರ್ಧ ಹೌದು ಅಂದೆ. ಆಂಟಿಬಯಾಟಿಕ್ ಇಲ್ಲದಿದ್ದರೆ ಮೊದಲ ವಾರವೇ ದಾಟುತ್ತಿರಲಿಲ್ಲ ಅಂತಲೂ ಹೇಳಿದೆ. ಅದು ನಿಜವೇ. ಆದರೆ ಒಂಬತ್ತನೇ ದಿನ ಬಿಳಿ ರಕ್ತಕಣದ ಕೌಂಟ್ ಏರಿದಾಗ ಇನ್ನೊಂದು ಆಂಟಿಬಯಾಟಿಕ್ ಸೇರಿಸಿದವನು ನಾನೇ. ಫಂಗಸ್ ಸುಳಿವು ಕೊಡೋ ರಕ್ತಪರೀಕ್ಷೆ, ಬೀಟಾ ಡಿ ಗ್ಲುಕಾನ್, ಕಳಿಸೋಣ್ವಾ ಅಂತ ಮನಸ್ಸಿಗೆ ಬಂದಿತ್ತು. ಕಲ್ಚರ್ ನೆಗೆಟಿವ್ ಇದೆಯಲ್ಲ, ನಾಳೆ ನೋಡೋಣ ಅಂತ ಬಿಟ್ಟೆ. ಒಳಗೆ ಕ್ಯಾಂಡಿಡಾ ಇದ್ದರೂ ಸುಮಾರು ಅರ್ಧದಷ್ಟು ಸಲ ಕಲ್ಚರ್ ಹಿಡಿಯೋದಿಲ್ಲ. ಇದನ್ನೇ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವನು ನಾನು. ಇದನ್ನು ಅವರಿಗೆ ಹೇಳಲಿಲ್ಲ.

ಲೈನ್ ತೆಗೆದೆವು. ಫಂಗಸ್ ಔಷಧಿ ಅನಿಡುಲಫಂಗಿನ್ ಶುರುವಾಗಿದೆ, ಅದಕ್ಕೆ ಲಿವರ್ ನೋಡಿ ಡೋಸ್ ಕಡಿಮೆ ಮಾಡೋ ತಲೆನೋವಿಲ್ಲ. ನಾಳೆ ಕಣ್ಣಿನ ಡಾಕ್ಟರ್ ಬರ್ತಾರೆ. ಕಣ್ಣು ಯಾಕೆ ಅಂತ ಸಿಸ್ಟರ್ ಕೇಳಿದರು. ರಕ್ತದಲ್ಲಿ ಹೋಗಿ ಅಲ್ಲೂ ಕೂರುತ್ತೆ ಸಿಸ್ಟರ್ ಅಂದೆ. ಈ ಬೂಷ್ಟಿಗೆ ನಮಗಿಂತ ಜಾಸ್ತಿ ದಾರಿ ಗೊತ್ತು ಅಂತ ನಕ್ಕರು. ನಾನೂ ನಕ್ಕೆ. ಆಮೇಲೆ ಕೋಟಿನ ಜೇಬೆಲ್ಲ ಶಾಯಿ ಆಗಿರೋದು ಕಾಣಿಸಿತು.

ಹೊರಡುವಾಗ ಬಾಗಿಲ ಹತ್ತಿರ ಅವರ ಹೆಂಡತಿ ಮತ್ತೆ ಸಿಕ್ಕರು. ಮಗ ಲಿವರ್ ಕೊಡ್ತೀನಿ ಅಂತಿದ್ದಾನೆ, ಯಾವಾಗ ಮಾಡ್ತೀರಿ?

ಬೂಷ್ಟು ಹತೋಟಿಗೆ ಬರೋವರೆಗೂ ಕಸಿ ಆಗಲ್ಲ ಅಮ್ಮಾ ಅಂದೆ. ಔಷಧಿ ಕಡೇಪಕ್ಷ 14 ದಿನ ಕೊಡಬೇಕು.

"ಇವತ್ತಿಂದ 14 ಅಲ್ವಾ?"

"ಇವತ್ತಿಂದ ಅಲ್ಲ. ಕಲ್ಚರ್ ಮೊದಲು ಕ್ಲೀನ್ ಬಂದ ದಿನದಿಂದ."

"ಅದು ಯಾವತ್ತು ಬರುತ್ತೆ?"

ಕಲ್ಚರ್‌ಗೆ ಹೊಸ ಬಾಟಲಿ ಸಂಜೆಯಷ್ಟೇ ಕಳಿಸಿದ್ದೇವೆ. ಅವರು ಬೆರಳು ಮಡಚಿಕೊಂಡೇ ನಿಂತಿದ್ದರು, ಎಲ್ಲಿಂದ ಎಣಿಸಬೇಕು ಅಂತ